ನಾಬ್ ಬಿಟ್ಟು ವೋಲ್ಟೇಜ್ ಹೊಂದಿಸಿದೆ: ಅಗ್ಗದ ಕ್ಲೋನ್ ಮಿನಿಮೂಗ್ ಪಕ್ಕ ನಿಂತ ಬಗೆ

ಮಿನಿಮೂಗ್ ಅಂದರೆ ಹೆಸರಾಂತ ಹಳೇ ಅನಲಾಗ್ ಸಿಂಥಸೈಜರ್, ಕ್ಲೋನ್ ಅಂದರೆ ಅದರ ಹೊಸ ನಕಲು. ಕ್ಲೋನ್‌ಗೂ ಮೂಲ ಮಿನಿಮೂಗ್‌ಗೂ ಅಜಗಜಾಂತರ ಅನ್ನುವವರು ಸಾಮಾನ್ಯವಾಗಿ ಎರಡರ ನಾಬ್‌ಗಳನ್ನೂ ಒಂದೇ ಅಂಕಿಗೆ ತಿರುಗಿಸಿಟ್ಟು, ಒಂದೇ ಸ್ವರ ಒತ್ತಿ, ತೀರ್ಪು ಕೊಟ್ಟಿರುತ್ತಾರೆ. ಹೋಲಿಕೆ ಕೆಡೋದೇ ಅಲ್ಲಿ. ಹಳೇ ಪಾಟ್‌ಗೂ (ನಾಬ್ ಕೆಳಗಿನ ತಿರುಗುವ ರೆಸಿಸ್ಟರ್) ಹೊಸ ಪಾಟ್‌ಗೂ ಟೇಪರ್, ಅಂದರೆ ತಿರುಗಿಸಿದಂತೆ ಮೌಲ್ಯ ಬದಲಾಗುವ ಬಗೆ, ಬೇರೆ, ಸವೆತ ಬೇರೆ, ನಾಬ್ ಕೂರಿಸಿದ ಕೋನವೂ ಬೇರೆ. ನಾನು ನಾಬ್ ಕಡೆ ನೋಡೋದನ್ನೇ ಬಿಟ್ಟು ಒಳಗಿನ ವೋಲ್ಟೇಜ್ ಹೊಂದಿಸಿದೆ. ಆಮೇಲೂ ಉಳಿದ ವ್ಯತ್ಯಾಸ ಯಾವ ಹಂತದಲ್ಲಿದೆ ಅಂತ ಅಳೆದು, ಅಲ್ಲಿ ಮಾತ್ರ ಬೆಸುಗೆ ಹಾಕಿದೆ. ಈಗ ಎರಡನ್ನೂ ಯಾವುದು ಯಾವುದೆಂದು ಹೇಳದೆ ಕೇಳಿಸಿದರೆ, "ಟ್ರಾನ್ಸಿಸ್ಟರ್‌ಗೂ ವಯಸ್ಸಾಗಬೇಕು ಕಣ್ರೀ" ಅಂತ ಪಾಠ ಹೇಳುತ್ತಿದ್ದವರೇ ಸರಿಸುಮಾರು ಅರ್ಧಕ್ಕರ್ಧ ತಪ್ಪು ಹೇಳ್ತಾರೆ.

ಯಾವ ಮೂಲಕ್ಕೆ ಹೋಲಿಸ್ತಿದ್ದೀರಿ ಅನ್ನೋದು ಮೊದಲು ಇತ್ಯರ್ಥ ಆಗಲಿ. ಮಿನಿಮೂಗ್ ಮಾಡೆಲ್ ಡಿ 1970ರಿಂದ 1981ರವರೆಗೆ ತಯಾರಾಯಿತು, ಒಟ್ಟು ಸುಮಾರು 12,000. ಆ ಅವಧಿಯಲ್ಲೇ ಸ್ವರ ಹುಟ್ಟಿಸುವ ಆಸಿಲೇಟರ್‌ಗಳ ಬೋರ್ಡ್ ಬದಲಾಗಿದೆ. ಮೊದಲ ಬೋರ್ಡ್‌ಗಳ ಶ್ರುತಿ ಬೇಗ ಜಾರುತ್ತೆ, ಆಮೇಲಿನವು ಹೆಚ್ಚು ಸ್ಥಿರ. ಹಾಗಾಗಿ ಎರಡು ಅಸಲಿಗಳನ್ನೇ ಪಕ್ಕಪಕ್ಕ ಇಟ್ಟರೂ ಒಂದೇ ಥರ ಇರೋದಿಲ್ಲ. ಹೊಸದರಲ್ಲಿ ಒಂದು ತುದಿಗೆ ಮೂಗ್ ಕಂಪನಿಯೇ 2016ರಲ್ಲಿ ತಂದ ಮರುತಯಾರಿಕೆ ಇದೆ, ಬಿಡುಗಡೆಯ ಬೆಲೆ 3,499 ಡಾಲರ್. ಇನ್ನೊಂದು ತುದಿಗೆ ಬೆರಿಂಗರ್ ಮಾಡೆಲ್ ಡಿ, ಯುರೋರ್ಯಾಕ್ (ಮಾಡ್ಯುಲರ್ ಸಿಂಥ್ ಚೌಕಟ್ಟಿನ) ಗಾತ್ರ, ಬೋರ್ಡ್ ಮೇಲ್ಮೈಗೇ ಬೆಸೆದ ಸಣ್ಣ ಬಿಡಿಭಾಗಗಳು, ಸುಮಾರು 300 ಡಾಲರಿಗೆ ಬಂದದ್ದು. ಅಂತರ ಹತ್ತು ಪಟ್ಟಿಗೂ ಮೇಲೆ. ನನ್ನ ಕೈಯಲ್ಲಿದ್ದ ಕ್ಲೋನ್ ಅಗ್ಗದ ಸಾಲಿನದು. ಯಾರು ಮಾಡಿದ್ದು ಅನ್ನೋದು ಇಲ್ಲಿ ಬೇಡ, ಈ ಜಾತಿಯ ಯಂತ್ರಗಳಲ್ಲಿ ಹುಡುಕಬೇಕಾದ ಜಾಗಗಳು ಹೆಚ್ಚುಕಮ್ಮಿ ಅವೇ.

ಎರಡನ್ನೂ ಅರ್ಧ ಗಂಟೆ ಬೆಚ್ಚಗಾಗಲು ಬಿಟ್ಟ ಮೇಲೇ ಮೀಟರ್ ಹಿಡಿದದ್ದು. ತಣ್ಣಗಿನ ಯಂತ್ರದ ಟ್ರಿಮ್‌ಪಾಟ್ (ಒಳಗಿನ ಹೊಂದಾಣಿಕೆಯ ತಿರುಪು) ಮುಟ್ಟಿದರೆ ಮಾಡಿದ್ದೆಲ್ಲ ವ್ಯರ್ಥ. ಲೆಕ್ಕ ಹೀಗಿದೆ: ವೋಲ್ಟಿಗೆ ಒಂದು ಸ್ಥಾಯಿ ಅಂದರೆ ಒಂದು ಸೆಂಟ್‌ಗೆ (ಸ್ಥಾಯಿಯ 1,200ನೇ ಒಂದು ಪಾಲು) 0.83 ಮಿಲಿವೋಲ್ಟ್. ಆದರೆ ಎಕ್ಸ್‌ಪೊ ಜೋಡಿಯ (ಆ ವೋಲ್ಟೇಜನ್ನು ಆಸಿಲೇಟರ್‌ಗೆ ಬೇಕಾದ ಕರೆಂಟ್ ಆಗಿಸುವ ಎರಡು ಟ್ರಾನ್ಸಿಸ್ಟರ್‌ಗಳ) ಬೇಸ್‌ನಲ್ಲಿ ಒಂದು ಸ್ಥಾಯಿಗೆ ಸಿಗೋದು ಸುಮಾರು 18 ಮಿಲಿವೋಲ್ಟ್ ಮಾತ್ರ, ಒಂದು ಸೆಂಟ್ ಅಂದರೆ 15 ಮೈಕ್ರೋವೋಲ್ಟ್. ಟ್ರಾನ್ಸಿಸ್ಟರಿನ ಬೇಸ್-ಎಮಿಟರ್ ವೋಲ್ಟೇಜ್ ಡಿಗ್ರಿಗೆ 2 ಮಿಲಿವೋಲ್ಟ್ ಇಳಿಯುತ್ತೆ. ಜೋಡಿಯ ಎರಡು ಟ್ರಾನ್ಸಿಸ್ಟರ್‌ಗಳ ನಡುವೆ ಡಿಗ್ರಿಯ ಹತ್ತನೇ ಒಂದು ಪಾಲು ವ್ಯತ್ಯಾಸ ಬಂದರೂ 13 ಸೆಂಟ್ ಹೋಯಿತು. ಕಿಟಕಿಯಿಂದ ಗಾಳಿ ಬೀಸಿದರೆ ಶ್ರುತಿ ಅಲುಗಾಡೋದು ಇದಕ್ಕೇ.

ಸ್ಕೇಲ್ ಹೊಂದಿಸುವ ಕ್ರಮ, ಅಂದರೆ ವೋಲ್ಟಿಗೆ ಸರಿಯಾಗಿ ಒಂದು ಸ್ಥಾಯಿ ಏರುವಂತೆ ಮಾಡೋದು, ಹಲವರಿಗೆ ಗೊತ್ತಿರೋದೇ. ಒಂದು ಮಾತು ಮಾತ್ರ: ಹೈ-ಫ್ರೀಕ್ವೆನ್ಸಿ ಟ್ರಿಮ್ ಇದ್ದರೆ ಅದನ್ನು ಕೊನೆಗೆ ಬಿಡಿ. ಸಾ-ಟೂತ್ ಆಸಿಲೇಟರಿನ ಕೆಪಾಸಿಟರ್ ಖಾಲಿಯಾಗಲು 1 ಮೈಕ್ರೋಸೆಕೆಂಡ್ ಹಿಡಿದರೆ, 5 ಕಿಲೋಹರ್ಟ್ಜ್‌ನಲ್ಲಿ ಅದು ಅರ್ಧ ಪರ್ಸೆಂಟ್, ಅಂದರೆ ಎಂಟೂವರೆ ಸೆಂಟ್ ಕೆಳಗೆ. 10 ಕಿಲೋಹರ್ಟ್ಜ್‌ನಲ್ಲಿ ಅದರ ಇಮ್ಮಡಿ. ಈ ತಪ್ಪನ್ನು ಸ್ಕೇಲ್ ಟ್ರಿಮ್‌ನಲ್ಲಿ ಸರಿ ಮಾಡಲು ಹೋದರೆ ಮಧ್ಯದ ಸ್ಥಾಯಿಗಳು ಹಾಳಾಗುತ್ತವೆ, ಮತ್ತೆ ಮೊದಲಿಂದ ಶುರು.

ಮುಂದಿನದು ಧ್ವನಿ ಮಟ್ಟ. ಫಿಲ್ಟರ್ ಪೂರ್ತಿ ತೆರೆದು, ಒಂದೇ ಆಸಿಲೇಟರ್ ಇಟ್ಟು, ಆರ್‌ಎಂಎಸ್ (ಒಂದು ಬಗೆಯ ಸರಾಸರಿ) ಮಟ್ಟ 0.1 ಡಿಬಿಯೊಳಗೆ ಬರುವವರೆಗೆ ರೆಕಾರ್ಡಿಂಗ್ ಕಡೆಯ ಗೇನ್ ಹೊಂದಿಸಿ. ಯಂತ್ರದ ವಾಲ್ಯೂಮ್ ನಾಬ್ ಮುಟ್ಟಬೇಡಿ, ಅದರ ಮುಂದಿನ ಹಂತವೂ ಬಣ್ಣ ಸೇರಿಸುತ್ತೆ. ಒಂದು ಡಿಬಿ ಜೋರಾಗಿರುವುದನ್ನು ಕಿವಿ "ಜೋರು" ಅನ್ನೋದಿಲ್ಲ, "ತುಂಬಿದ ಸದ್ದು" ಅನ್ನುತ್ತೆ. ಅಸಲಿ ಗೆದ್ದ ಎಷ್ಟೋ ಹೋಲಿಕೆಗಳು ಈ ಒಂದು ಡಿಬಿಯಲ್ಲೇ ಗೆದ್ದಿವೆ ಅಂತ ನನ್ನ ಗಟ್ಟಿ ನಂಬಿಕೆ.

ಕಟಾಫ್, ಅಂದರೆ ಫಿಲ್ಟರ್ ಎಲ್ಲಿಂದ ಮೇಲಿನದನ್ನು ತಗ್ಗಿಸುತ್ತೆ ಅನ್ನೋದು, ಹೊಂದಿಸೋದು ಸುಲಭ. ಆಸಿಲೇಟರ್‌ಗಳನ್ನು ಆಫ್ ಮಾಡಿ, ರೆಸೊನೆನ್ಸ್ (ಫಿಲ್ಟರಿನ ಫೀಡ್‌ಬ್ಯಾಕ್) ಏರಿಸಿ ಫಿಲ್ಟರ್ ತಾನೇ ಕೂಗುವ ಹಾಗೆ ಮಾಡಿ, ಆ ಕೂಗನ್ನು ಟ್ಯೂನರ್‌ನಲ್ಲಿ 440 ಹರ್ಟ್ಜ್‌ಗೆ ತನ್ನಿ. ಲ್ಯಾಡರ್‌ನಲ್ಲಿ (ಟ್ರಾನ್ಸಿಸ್ಟರ್ ಜೋಡಿಗಳನ್ನು ಏಣಿಯಂತೆ ಒಂದರ ಮೇಲೊಂದು ಇಟ್ಟ ಮೂಗ್ ಫಿಲ್ಟರ್) ಕೂಗುವ ಜಾಗವೇ ಕಟಾಫ್: ನಾಲ್ಕು ಮೆಟ್ಟಿಲಿಗೂ ತಲಾ 45 ಡಿಗ್ರಿ, ತಲಾ 3 ಡಿಬಿ ನಷ್ಟ, ಒಟ್ಟು 12 ಡಿಬಿ. ಹಾಗಾಗಿಯೇ ಕೂಗಿಸಲು ಫೀಡ್‌ಬ್ಯಾಕ್ ಗೇನ್ ನಾಲ್ಕು ಬೇಕಾಗೋದು. ಎರಡೂ ಯಂತ್ರ 440ರಲ್ಲಿ ಕೂಗಿದ ಮೇಲೆ ನಾಬ್ ಮೂರಕ್ಕಿರಲಿ ಐದಕ್ಕಿರಲಿ, ಲೆಕ್ಕಕ್ಕಿಲ್ಲ. ರೆಸೊನೆನ್ಸ್ ಇಳಿಸಿದಾಗ ಅದನ್ನೂ ನಾಬ್ ನೋಡಿ ಹೊಂದಿಸದೆ ಶಿಖರದ ಎತ್ತರ ನೋಡಿ ಹೊಂದಿಸಿ. ನಾನು 12 ಡಿಬಿ ಶಿಖರಕ್ಕೆ ನಿಲ್ಲಿಸಿದೆ.

ಇಷ್ಟಾದ ಮೇಲೆ ಕ್ಲೋನ್ ಶೇಕಡಾ ಎಂಬತ್ತರಷ್ಟು ಹತ್ತಿರ ಬಂತು. ಆದರೆ ಮಿಕ್ಸರ್‌ನಲ್ಲಿ ಮೂರೂ ಆಸಿಲೇಟರ್ ಏರಿಸಿ ಕಟಾಫ್ ತಗ್ಗಿಸಿದರೆ ಅಸಲಿ ಗುರುಗುಟ್ಟುತ್ತೆ, ಕ್ಲೋನ್ ಸಪ್ಪೆ. ಅತಿ ಹೆಚ್ಚು ಸಮಯ ತಿಂದದ್ದು ಇದೇ. ಫಿಲ್ಟರ್ ತೆರೆದಿಟ್ಟು ಸೈನ್ ತರಂಗ ಹಾಕಿ ಡಿಸ್ಟಾರ್ಶನ್ ಅಳೆದರೆ ಎರಡೂ ಒಂದೇ ಥರ ಶುದ್ಧ. ಅಳತೆ ಎರಡೂ ಒಂದೇ ಅನ್ನುತ್ತೆ, ಕಿವಿ ಒಪ್ಪೋದಿಲ್ಲ. ಕಾರಣ ಲ್ಯಾಡರ್‌ನ ಸ್ವಭಾವದಲ್ಲೇ ಇದೆ. ಕಟಾಫ್‌ಗಿಂತ ತುಂಬಾ ಕೆಳಗಿನ ಸ್ವರದಲ್ಲಿ, ಕೆಳಗಿನ ಟ್ರಾನ್ಸಿಸ್ಟರ್ ಜೋಡಿ ತರಂಗವನ್ನು ಎಷ್ಟು ಬಾಗಿಸುತ್ತೋ ಅಷ್ಟನ್ನೂ ಮೇಲಿನ ಮೆಟ್ಟಿಲುಗಳು ತಿರುಗಿ ನೇರ ಮಾಡಿಬಿಡುತ್ತವೆ. ಸ್ವರ ಕಟಾಫ್ ಹತ್ತಿರ ಬಂದಾಗ ಮಾತ್ರ ಆ ಸರಿದೂಗಿಸುವಿಕೆ ಮುರಿದು ಡಿಸ್ಟಾರ್ಶನ್ ಹೊರಗೆ ಕಾಣುತ್ತೆ. ಅಂದರೆ ಕಟಾಫ್ ತೆರೆದಿಟ್ಟು ಅಳೆಯೋದು ಬೀಗ ಹಾಕಿದ ಕೋಣೆಯ ಹೊರಗೆ ನಿಂತು ಒಳಗೆ ಯಾರೂ ಇಲ್ಲ ಅಂದಹಾಗೆ.

ಆಮೇಲೆ 200 ಹರ್ಟ್ಜ್ ಸೈನ್, ಕಟಾಫ್ 400, ರೆಸೊನೆನ್ಸ್ ಸೊನ್ನೆ ಇಟ್ಟು ಮೂರನೇ ಹಾರ್ಮಾನಿಕ್ (ಮೂಲ ಸ್ವರದ ಮೂರು ಪಟ್ಟು ಕಂಪನ, ಬಾಗಿದ್ದರ ಗುರುತು) ನೋಡಿದೆ. ಎಕ್ಸ್‌ಟರ್ನಲ್ ಇನ್‌ಪುಟ್‌ನಿಂದ ಸಿಗ್ನಲ್ ಕೊಟ್ಟು, ಮೂರನೇ ಹಾರ್ಮಾನಿಕ್ ಎರಡೂ ಯಂತ್ರದಲ್ಲಿ ಒಂದೇ ಮಟ್ಟಕ್ಕೆ ಬರುವವರೆಗೆ ಏರಿಸಿದೆ. ಆ ಹೊತ್ತಿಗೆ ಕೆಳ ಜೋಡಿಯ ಬೇಸ್‌ನಲ್ಲಿ ಎರಡರಲ್ಲೂ ಹೆಚ್ಚುಕಮ್ಮಿ ಅಷ್ಟೇ ಮಿಲಿವೋಲ್ಟ್ ಇತ್ತು. ಅಂದರೆ ಲ್ಯಾಡರ್ ಎರಡರದೂ ಒಂದೇ ಥರ ಬಾಗುತ್ತೆ, ಅದರಲ್ಲಿ ಮೋಸ ಇಲ್ಲ. ಒಂಟಿ ಡಿಫರೆನ್ಷಿಯಲ್ ಜೋಡಿಯ ಲೆಕ್ಕ ಹಾಕಿದರೆ 18 ಮಿಲಿವೋಲ್ಟ್ ಪೀಕ್‌ಗೇ ಒಂದು ಪರ್ಸೆಂಟ್ ಮೂರನೇ ಹಾರ್ಮಾನಿಕ್ ಬರುತ್ತೆ. ಇಷ್ಟು ಸೂಕ್ಷ್ಮ ಜಾಗದಲ್ಲಿ ಎರಡು-ಮೂರು ಡಿಬಿ ಹೆಚ್ಚುಕಮ್ಮಿಯಾದರೂ ಸದ್ದಿನ ಗುಣವೇ ಬೇರೆ. ಆಮೇಲೆ ಯಂತ್ರದ್ದೇ ಆಸಿಲೇಟರ್‌ಗಳನ್ನು ಮಿಕ್ಸರ್‌ನಲ್ಲಿ ಪೂರ್ತಿ ಏರಿಸಿ ಅದೇ ಬಿಂದುವಿನಲ್ಲಿ ಸ್ಕೋಪ್ ಇಟ್ಟೆ. ಕ್ಲೋನ್‌ನಲ್ಲಿ ಸುಮಾರು 4 ಡಿಬಿ ಕಡಿಮೆ! ಫಿಲ್ಟರ್ ಬಗ್ಗೆ ಅಷ್ಟೆಲ್ಲ ವಾದ ನಡೆದದ್ದು, ತಪ್ಪಿದ್ದದ್ದು ಅದರ ಹಿಂದಿನ ಅಟೆನ್ಯುಯೇಟರ್‌ನಲ್ಲಿ (ಸಿಗ್ನಲ್ ತಗ್ಗಿಸುವ ರೆಸಿಸ್ಟರ್‌ಗಳಲ್ಲಿ).

4 ಡಿಬಿ ಅಂದರೆ 1.58 ಪಟ್ಟು. ಬೇಸ್‌ನಿಂದ ಗ್ರೌಂಡಿಗೆ ಹೋಗುವ ಸಣ್ಣ ರೆಸಿಸ್ಟರನ್ನು ಅಷ್ಟು ಪಟ್ಟು ಹೆಚ್ಚಿಸಿದರೆ ಕೆಲಸ ಆಯಿತು ಅನಿಸುತ್ತೆ, ಆದರೆ ಆ ಬೇಸ್‌ನ ಬಯಾಸ್ ಹಾದಿಯೂ ಅದೇ. ಎದುರಿನ ಬೇಸ್‌ನ ರೆಸಿಸ್ಟರ್ ಬದಲಿಸದಿದ್ದರೆ ಜೋಡಿ ಓಲುತ್ತೆ, ಕಟಾಫ್ ತಿರುಗಿಸಿದಾಗ ಗುದ್ದಿದಂಥ ಸದ್ದು ಬರುತ್ತೆ. ಎರಡನ್ನೂ ಬದಲಿಸಿ, ಇಲ್ಲವೇ ಸಿಗ್ನಲ್ ಬರುವ ಕಡೆಯ ದೊಡ್ಡ ರೆಸಿಸ್ಟರ್ ಇಳಿಸಿ. ನಾನು ಎರಡನೇ ದಾರಿ ಹಿಡಿದೆ. ಆ ರೆಸಿಸ್ಟರಿನ ಅಂತಿಮ ಓಮ್ ಮೌಲ್ಯ ಇಲ್ಲಿ ಬರೆಯೋದಿಲ್ಲ. ಬೋರ್ಡ್‌ನಿಂದ ಬೋರ್ಡ್‌ಗೆ ಅದು ಬೇರೆಯಾಗುತ್ತೆ ಅನ್ನೋದು ಒಂದು ಕಾರಣ, ಇನ್ನೊಂದು ನೀವೇ ಊಹಿಸಿ. ಸ್ಕೋಪ್ ಇದ್ದವರು ಒಂದು ಸಂಜೆಯಲ್ಲಿ ಕಂಡುಕೊಳ್ಳಬಹುದು. ಪ್ರೋಬ್ 10ಎಕ್ಸ್‌ನಲ್ಲೇ ಇರಲಿ. 0603 ಗಾತ್ರದ ಬಿಡಿಭಾಗ ತೆಗೆಯುವಾಗ ಎರಡೂ ತುದಿಗೆ ಹೊಸ ಬೆಸುಗೆ ಧಾರಾಳವಾಗಿ ಹಾಕಿ, ಎರಡೂ ಒಟ್ಟಿಗೆ ಕರಗಿದ ಮೇಲೆ ತಳ್ಳಿ. ಎಳೆದರೆ ಪ್ಯಾಡ್ ಕಿತ್ತು ಬರುತ್ತೆ, ಆಮೇಲೆ ಕೂದಲೆಳೆ ತಂತಿಯೇ ಗತಿ.

ಲ್ಯಾಡರ್‌ನ ಟ್ರಾನ್ಸಿಸ್ಟರ್‌ಗಳ ವಿಚಾರಕ್ಕೆ ಬರೋಣ, ದುಡ್ಡು ನೀರಾಗಿ ಹರಿಯೋದು ಇಲ್ಲೇ. "ಹಳೇ ಸ್ಟಾಕ್, ಹೊಂದಿಸಿದ ಜೋಡಿ" ಅಂತ ಮಾರುವವರಿಂದ ಕೊಂಡ ಜೋಡಿಗಳಲ್ಲಿ ಅರ್ಧಕ್ಕೂ ಹೆಚ್ಚು ಮೂರು-ನಾಲ್ಕು ಮಿಲಿವೋಲ್ಟ್ ಆಚೀಚೆ ಇದ್ದವು. ಆ ದುಡ್ಡಲ್ಲಿ ಸಾಧಾರಣ 2ಎನ್3904 ಟ್ರಾನ್ಸಿಸ್ಟರ್‌ಗಳ ನೂರರ ಚೀಲವನ್ನೇ ಹಲವು ಸಲ ಕೊಳ್ಳಬಹುದಿತ್ತು. ಆಮೇಲೆ ಮಾಡಿದ್ದೂ ಅದನ್ನೇ. 100 ಮೈಕ್ರೋಆಂಪ್ ಸ್ಥಿರ ಕರೆಂಟ್ ಕೊಟ್ಟು ಬೇಸ್-ಎಮಿಟರ್ ವೋಲ್ಟೇಜ್ ಅಳೆದು ಸಾಲಾಗಿ ಜೋಡಿಸಿದರೆ, ನೂರರಲ್ಲಿ ಅರ್ಧ ಮಿಲಿವೋಲ್ಟ್ ಒಳಗಿನ ಜೋಡಿಗಳು ಬೇಕಾದಷ್ಟು ಸಿಗುತ್ತವೆ. ಬೆರಳಲ್ಲಿ ಹಿಡಿದು ಅಳೆಯಬೇಡಿ, ಚಿಮಟದಲ್ಲಿ ಸಾಕೆಟ್‌ಗೆ ಹಾಕಿ ಒಂದು ನಿಮಿಷ ಕಾಯಿರಿ. ಮೇಲಿನ ಮತ್ತು ಕೆಳಗಿನ ಜೋಡಿಗೆ ಒಳ್ಳೆಯವು ಹಾಕಿ, ನಡುವಿನ ಮೆಟ್ಟಿಲಿಗೆ ಉಳಿದವು ಸಾಕು.

ತಮಾಷೆ ಅಂದರೆ, ಎಲ್ಲ ಜೋಡಿಯೂ ಕರಾರುವಾಕ್ಕಾಗಿ ಹೊಂದಿದ ಮೇಲೆ ಕ್ಲೋನ್ ಅಸಲಿಗಿಂತ ಸ್ವಚ್ಛವಾಯಿತು. ಅಸಲಿಯಲ್ಲಿ ಎರಡನೇ ಹಾರ್ಮಾನಿಕ್ ಸುಮಾರು ಮೈನಸ್ 50 ಡಿಬಿ ಆಸುಪಾಸು ಸ್ಪಷ್ಟವಾಗಿ ಕಾಣುತ್ತಿತ್ತು, ಕ್ಲೋನ್‌ನಲ್ಲಿ ಅದು ಹಿನ್ನೆಲೆಯ ಗದ್ದಲದೊಳಗೆ ಮುಳುಗಿತ್ತು. ಸರಿಯಾಗಿ ಹೊಂದಿದ ಜೋಡಿ ಬೆಸ ಹಾರ್ಮಾನಿಕ್ ಮಾತ್ರ ಹುಟ್ಟಿಸುತ್ತೆ, ಓಲಿದ ಜೋಡಿ ಸಮ ಹಾರ್ಮಾನಿಕ್ ಕೂಡ. ಜನ ಬೆಚ್ಚನೆಯ ಸದ್ದು ಅಂತ ಹೊಗಳೋದರಲ್ಲಿ ಇದರ ಪಾಲು ದೊಡ್ಡದು. ಹಾಗಾಗಿ ಕೆಳಗಿನ ಜೋಡಿಯನ್ನು ಬೇಕೆಂದೇ ಒಂದಿಷ್ಟು ಹೊಂದದ ಹಾಗೆ ಆರಿಸಿದೆ. ಎಷ್ಟು ಮಿಲಿವೋಲ್ಟ್ ಅನ್ನೋದು ನನ್ನ ಹತ್ತಿರವೇ ಇರಲಿ. ಅತಿ ಮಾಡಿದರೆ ಎನ್ವಲಪ್ (ಕೀಲಿ ಒತ್ತಿದಾಗ ಏರಿ ಇಳಿಯುವ ಕಂಟ್ರೋಲ್ ವೋಲ್ಟೇಜ್) ಹೊಡೆದಾಗಲೆಲ್ಲ ಫಿಲ್ಟರಿನಿಂದ "ದಬ್" ಅಂತ ಕಂಟ್ರೋಲ್ ಸಿಗ್ನಲ್ ಸೋರುತ್ತೆ. ಆ ದಬ್ ಕೇಳಿಸಲು ಶುರುವಾಗುವ ಮುಂಚೆ ನಿಲ್ಲಬೇಕು.

ಕೆಪಾಸಿಟರ್‌ಗಳ ಬಗ್ಗೆ ಎರಡೇ ಮಾತು. ಮಿನಿಮೂಗ್ ಲ್ಯಾಡರ್‌ನಲ್ಲಿ ನಾಲ್ಕೂ 68 ನ್ಯಾನೋಫ್ಯಾರಡ್. ಕ್ಲೋನ್‌ನಲ್ಲಿ ಅಲ್ಲಿ ಎಕ್ಸ್‌7ಆರ್ ಸೆರಾಮಿಕ್ ಇದ್ದರೆ ತೆಗೆದು ಫಿಲ್ಮ್ ಅಥವಾ ಸಿ0ಜಿ ಬಗೆಯ ಸೆರಾಮಿಕ್ ಹಾಕಿ. ಎಕ್ಸ್‌7ಆರ್ ತನ್ನ ತಾಪಮಾನದ ವ್ಯಾಪ್ತಿಯಲ್ಲಿ 15 ಪರ್ಸೆಂಟ್ ಆಚೀಚೆ ಹೋಗಬಹುದು, ತಟ್ಟಿದರೆ ಮೈಕಿನ ಹಾಗೆ ಸದ್ದೂ ಕೊಡುತ್ತೆ. ಸಿ0ಜಿ ಡಿಗ್ರಿಗೆ ಹತ್ತು ಲಕ್ಷದಲ್ಲಿ 30 ಪಾಲಿನೊಳಗೆ ಇರುತ್ತೆ. ನಾಲ್ಕನ್ನೂ ಅಳೆದು ಒಂದು ಪರ್ಸೆಂಟ್ ಒಳಗೆ ಹೊಂದಿಸಿದರೆ ಒಳ್ಳೆಯದು. ಇದರಿಂದ ಸದ್ದಿನ ಬಣ್ಣ ಬದಲಾಗುತ್ತೆ ಅನ್ನುವವರ ಜೊತೆ ವಾದ ಮಾಡೋದಿಲ್ಲ, ನನಗಂತೂ ಕೇಳಿಸಿದ್ದು ಸ್ಥಿರತೆ ಮಾತ್ರ.

ಆಸಿಲೇಟರ್ ಕಡೆ ಸಿಕ್ಕ ಒಂದೇ ದೋಷ ಟೆಂಪ್‌ಕೋ ರೆಸಿಸ್ಟರ್ (ಬಿಸಿಗೆ ತಕ್ಕಂತೆ ಬದಲಾಗಿ ಶ್ರುತಿ ತಿದ್ದುವಂಥದ್ದು) ಕೂರಿಸಿದ ಜಾಗ. ಎಕ್ಸ್‌ಪೊ ಜೋಡಿಯಿಂದ ಅದು ದೂರ ಇದ್ದರೆ ಬೇರೆ ತಾಪಮಾನ ಓದುತ್ತೆ. ಡಿಗ್ರಿಗೆ ಸುಮಾರು 3,300 ಪಿಪಿಎಂ (ಹತ್ತು ಲಕ್ಷದಲ್ಲಿ ಅಷ್ಟು ಪಾಲು) ತಿದ್ದುವ ಕೆಲಸ ಅದರದು. ತಿದ್ದದಿದ್ದರೆ ಒಂದು ಡಿಗ್ರಿಗೆ ಪ್ರತಿ ಸ್ಥಾಯಿಗೆ 4 ಸೆಂಟ್ ತಪ್ಪು, ಮೂರು ಸ್ಥಾಯಿ ಮೇಲೆ ಹೋದರೆ 12. ಅದನ್ನು ಕಿತ್ತು ಜೋಡಿಯ ಬೆನ್ನಿಗೆ ಥರ್ಮಲ್ ಪೇಸ್ಟ್ ಹಚ್ಚಿ ಅಂಟಿಸಿ, ಮೇಲೊಂದು ಫೋಮ್ ಟೊಪ್ಪಿಗೆ ಮುಚ್ಚಿದೆ. ಜಾರುವಿಕೆ ಮೊದಲಿನ ಅರ್ಧಕ್ಕಿಂತಲೂ ಕೆಳಗಿಳಿಯಿತು. ಖರ್ಚು ಲೆಕ್ಕಕ್ಕೇ ಬಾರದಷ್ಟು.

ಇಲ್ಲೊಂದು ಅಡ್ಡದಾರಿ ಹಿಡಿದೆ. ಅಸಲಿಯ ಜಾರುವಿಕೆಯೇ ಅದರ ಜೀವ ಅನ್ನುವವರಿಗಾಗಿ, ಸ್ಥಿರವಾದ ಕ್ಲೋನ್‌ಗೆ ನಿಧಾನದ ಯಾದೃಚ್ಛಿಕ ವೋಲ್ಟೇಜ್ ಕೊಟ್ಟು ನೋಡಿದೆ. ಮೂರು ಆಸಿಲೇಟರ್‌ಗೂ ಬೇರೆ ಬೇರೆ, ತಲಾ ಐದಾರು ಮಿಲಿವೋಲ್ಟ್. ಓಕರಿಕೆ ಬರುವ ಹಾಗಾಯಿತು. ಎರಡು ಮಿಲಿವೋಲ್ಟ್‌ಗೆ ಇಳಿಸಿದರೆ ತಡೆದುಕೊಳ್ಳಬಹುದು, ಆದರೂ ಅಸಲಿಯಂತಲ್ಲ. ಅಸಲಿಯನ್ನು ಒಂದು ಗಂಟೆ ದಾಖಲಿಸಿ ನೋಡಿದಾಗ ಕಾರಣ ಕಂಡಿತು: ಅದರ ಮೂರೂ ಆಸಿಲೇಟರ್ ಬಹುತೇಕ ಒಂದೇ ದಿಕ್ಕಿಗೆ ಜಾರುತ್ತವೆ, ಪ್ರಮಾಣ ಮಾತ್ರ ಬೇರೆ. ಒಂದೇ ಡಬ್ಬಿಯ ಒಂದೇ ಬಿಸಿ ಮೂರಕ್ಕೂ ತಟ್ಟುತ್ತೆ ತಾನೇ! ಆಮೇಲೆ ಒಂದೇ ನಿಧಾನದ ವೋಲ್ಟೇಜನ್ನು ಮೂರು ಬೇರೆ ಪ್ರಮಾಣದಲ್ಲಿ ಕೊಟ್ಟೆ, ಹೊಂದಿಕೊಂಡಿತು. ಸೀಕ್ವೆನ್ಶಿಯಲ್‌ನ 2020ರ ಪ್ರಾಫೆಟ್-5ರಲ್ಲಿ "ವಿಂಟೇಜ್" ನಾಬ್ ಅಂತ ಒಂದಿದೆ, ಅದು ಈ ಸಮಸ್ಯೆಗೆ ಇನ್ನೊಂದು ಉತ್ತರ. ಅದು ಬಹುಸ್ವರ ಯಂತ್ರ, ಅಲ್ಲಿ ಧ್ವನಿಯಿಂದ ಧ್ವನಿಗೆ ವ್ಯತ್ಯಾಸ ಬೇಕು, ಹಾಗಾಗಿ ದಾರಿಯೂ ಬೇರೆ.

ಅದೇ ಪ್ರಾಫೆಟ್‌ನಲ್ಲಿ ಹಳೇ ಪ್ರಾಫೆಟ್-5ರ ರೆವ್ (ಆವೃತ್ತಿ) 1, 2ರ ಬಗೆಯ ಫಿಲ್ಟರ್ ಮತ್ತು ರೆವ್ 3ರ ಕರ್ಟಿಸ್ ಫಿಲ್ಟರ್ ಎರಡನ್ನೂ ಒಂದು ಸ್ವಿಚ್‌ನಲ್ಲಿ ಕೊಟ್ಟಿದ್ದಾರೆ. ಕೋರ್ಗ್ 2015ರ ಆರ್ಪ್ ಒಡಿಸಿಯಲ್ಲಿ ಮೂರು ತಲೆಮಾರಿನ ಮೂರು ಫಿಲ್ಟರ್ ಹಾಕಿತು. ಕೋರ್ಗ್‌ನದೇ ಎಂಎಸ್-20 ಮಿನಿ 2013ರಲ್ಲಿ ಬಂದಾಗ ಹಳೇ ಕೋರ್ಗ್-35 ಫಿಲ್ಟರ್ ಮಾತ್ರ ಇತ್ತು, ಮರುವರ್ಷದ ಕಿಟ್‌ನಲ್ಲಿ ಅದೂ ಇತ್ತು, ಆಮೇಲಿನ ಫಿಲ್ಟರೂ ಇತ್ತು. ತಯಾರಕರೇ "ಮೂಲ ಅಂದರೆ ಒಂದಲ್ಲ" ಅಂತ ಒಪ್ಪಿಕೊಂಡ ಮೇಲೆ, ಒಂದೇ ಒಂದು ಹಳೇ ಯಂತ್ರ ಕೇಳಿ ಕ್ಲೋನ್‌ಗೆ ಫೇಲ್ ಅಂಕ ಕೊಡೋದು ಸರಿಯಲ್ಲ. ಎಂಎಸ್-20 ಮುಟ್ಟುವವರು ನೆನಪಿಡಿ: ಅದು ವೋಲ್ಟಿಗೆ ಸ್ಥಾಯಿ ಲೆಕ್ಕದ್ದಲ್ಲ, ವೋಲ್ಟಿಗೆ ಹರ್ಟ್ಜ್ ಲೆಕ್ಕದ್ದು. ಮಿನಿಯಲ್ಲೂ ಹಾಗೇ ಉಳಿಸಿದ್ದಾರೆ. ಮೇಲಿನ ಸೆಂಟ್ ಲೆಕ್ಕ ಅಲ್ಲಿ ನಡೆಯೋದಿಲ್ಲ.

ಇನ್ನೊಂದು ಪ್ರಯೋಗ ಹಳೇ ಆಸಿಲೇಟರ್ ಚಿಪ್ ಸಿಇಎಂ3340 ಬದಲಿಗೆ ಅದರ ನಕಲು ಎಎಸ್3340 ಹಾಕಿ ನೋಡಿದ್ದು, ಇದು ಬೇರೆ ಬೋರ್ಡ್‌ನಲ್ಲಿ. ಪಿನ್‌ಗೆ ಪಿನ್ ಕೂರುತ್ತೆ. ಮತ್ತೆ ಸ್ಕೇಲ್ ಹೊಂದಿಸಿದ ಮೇಲೆ ಸಾ-ಟೂತ್‌ನಲ್ಲಿ ನನ್ನ ಕಿವಿಗೆ ಏನೂ ವ್ಯತ್ಯಾಸ ಇಲ್ಲ. ಹಳೇ ಚಿಪ್‌ಗೆ ಕೇಳುವ ದರ ನೋಡಿದರೆ ನಗು ಬರುತ್ತೆ. ಮೂರನೇ ಪಿನ್‌ಗೆ ಮೈನಸ್ 12 ಅಥವಾ 15 ವೋಲ್ಟ್ ಕೊಡುವಾಗ ಸರಣಿ ರೆಸಿಸ್ಟರ್ ಮರೆತರೆ ಮಾತ್ರ ಚಿಪ್ ಹೋಯಿತು.

ರೋಲ್ಯಾಂಡ್‌ನ ಬಾಸ್ ಸಿಂಥ್ ಟಿಬಿ-303ರ ಕ್ಲೋನ್‌ಗಳಿಗೂ ಇದೇ ವಿಧಾನ ಹಚ್ಚಲು ಹೋಗಿ ಅರ್ಧಕ್ಕೆ ಬಿಟ್ಟೆ. ಅಲ್ಲಿ ಫಿಲ್ಟರ್ ಒಂದನ್ನೇ ಹೊಂದಿಸಿ ಪ್ರಯೋಜನ ಇಲ್ಲ. ಆಕ್ಸೆಂಟ್ (ಕೆಲವು ಸ್ವರಕ್ಕೆ ಒತ್ತು ಕೊಡುವ) ಸರ್ಕ್ಯೂಟ್‌ನ ಕೆಪಾಸಿಟರ್ ಒಂದರ ಹಿಂದೊಂದು ಆಕ್ಸೆಂಟ್ ಬಂದಾಗ ಖಾಲಿಯಾಗದೆ ತುಂಬುತ್ತಾ ಹೋಗುತ್ತೆ, ಹಾಗಾಗಿ ಮೂರನೇ ಏಟು ಮೊದಲನೆಯದಕ್ಕಿಂತ ಮೇಲೆ ಹಾರುತ್ತೆ. ಒಂಟಿ ಸ್ವರ ಒತ್ತಿ ಹೋಲಿಸಿದರೆ ಇದು ಸಿಗೋದೇ ಇಲ್ಲ. ಸೀಕ್ವೆನ್ಸ್ ಓಡಿಸಿಯೇ ಅಳೆಯಬೇಕು.

ಮಿನಿಮೂಗ್‌ಗೆ ವಾಪಸ್. ಇಷ್ಟೆಲ್ಲ ಆದ ಮೇಲೂ ನುಡಿಸುವವರಿಗೆ ಇದು ಬೇರೆ ಯಂತ್ರ ಅನಿಸಿದರೆ ಎರಡು ಜಾಗ ನೋಡಿ. ಒಂದು ಎನ್ವಲಪ್. ನಾಬ್‌ನ ಸಮಯ ಓದದೆ, ಸ್ಕೋಪ್‌ನಲ್ಲಿ ತುದಿ ಮುಟ್ಟುವ ಹೊತ್ತು ಮತ್ತು ಅಲ್ಲಿಂದ ಅರ್ಧಕ್ಕೆ ಇಳಿಯುವ ಹೊತ್ತು ಎರಡನ್ನೂ ಹೊಂದಿಸಿ. ಏರುವ ಗೆರೆಯ ಬಾಗು ಬೇರೆಯಾಗಿದ್ದರೆ ಕೆಪಾಸಿಟರ್ ಯಾವ ವೋಲ್ಟೇಜ್ ಕಡೆ ತುಂಬುತ್ತಾ, ಎಲ್ಲಿ ಕಡಿಯುತ್ತೆ ಅನ್ನೋದು ಬೇರೆ ಅಂತ ಅರ್ಥ. ಅದನ್ನು ಮುಟ್ಟಲು ನಾನು ಹೋಗಲಿಲ್ಲ, ವ್ಯತ್ಯಾಸ ಸಣ್ಣದಿತ್ತು. ಎರಡನೆಯದು ಕೀಲಿಮಣೆಯ ನಡತೆ. ಮಿನಿಮೂಗ್ ಎರಡು ಸ್ವರ ಒಟ್ಟಿಗೆ ಒತ್ತಿದರೆ ಕೆಳಗಿನದನ್ನು ಆರಿಸುತ್ತೆ, ಮತ್ತು ಹಿಂದಿನ ಕೀಲಿ ಬಿಡುವವರೆಗೆ ಎನ್ವಲಪ್ ಹೊಸದಾಗಿ ಹೊಡೆಯೋದಿಲ್ಲ. ಮಿಡಿ ಮೂಲಕ ನುಡಿಸುವ ಕ್ಲೋನ್ ಕೊನೆಯ ಸ್ವರ ಆರಿಸುವಂತೆ, ಪ್ರತಿ ಕೀಲಿಗೂ ಹೊಡೆಯುವಂತೆ ಇದ್ದರೆ ಅದೇ ಬೆರಳು, ಅದೇ ಓಟ, ಬೇರೆ ಸಂಗೀತ. ಸೆಟ್ಟಿಂಗ್‌ನಲ್ಲಿ ಎರಡನ್ನೂ ಬದಲಿಸಿ, ಆಮೇಲೆ ಬೆಸುಗೆ ಕಡ್ಡಿ ಬಿಸಿ ಮಾಡಿ.

ಖರ್ಚಿನ ಲೆಕ್ಕ ಬಾಯಿಲೆಕ್ಕವೇ: ಬಿಡಿಭಾಗ, ಹಾಳಾದ ಜೋಡಿಗಳು, ಒಂದು ಮುರಿದ ಪಾಟ್ ಎಲ್ಲ ಸೇರಿ ಕ್ಲೋನ್‌ನ ಬೆಲೆಯ ಮೂರನೇ ಒಂದು ಪಾಲು. ಸ್ಕೋಪ್, ಒಳ್ಳೆಯ ಮೀಟರ್ ಇಲ್ಲದಿದ್ದರೆ ಕ್ಲೋನ್‌ಗಿಂತ ಅವಕ್ಕೇ ಹೆಚ್ಚು ಬೀಳುತ್ತೆ. ಹಳೆಯದಕ್ಕೆ ಎಲೆಕ್ಟ್ರೋಲಿಟಿಕ್ ಬದಲಾವಣೆ, ಕೀಲಿ ಸಂಪರ್ಕ ಒರೆಸುವುದು, ಪಾಟ್ ಶುದ್ಧಿ ಅಂತ ಆಗಾಗ ಆಗುವ ಖರ್ಚಿಗೆ ಹೋಲಿಸಿದರೆ ಇದು ಏನೇನೂ ಅಲ್ಲ. ಹೊಸ ಟ್ರಿಮ್‌ಪಾಟ್‌ಗಳು ಒಂದೆರಡು ವಾರದಲ್ಲಿ ಸ್ವಲ್ಪ ಸರಿದು ಕೂರುತ್ತವೆ, ಆಗ ಸ್ಕೇಲ್ ಇನ್ನೊಮ್ಮೆ ನೋಡಿ. ತಿರುಪಿಗೆ ಬಣ್ಣದ ಚುಕ್ಕೆ ಹಾಕೋದು ಅದಾದ ಮೇಲೆ.